ಹದಿನೇಳು ಗುರಿಗಳು ಮತ್ತು ಗೋಪಾಳದ ಲೆಕ್ಕಪುಸ್ತಕ

2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು ನ್ಯೂಯಾರ್ಕಿನಲ್ಲಿ ಒಂದು ಪ್ರತಿಜ್ಞೆಯನ್ನು ಅಂಗೀಕರಿಸಿದವು. 2030ರೊಳಗೆ ಬಡತನ ಮತ್ತು ಹಸಿವನ್ನು ಕೊನೆಗೊಳಿಸುವುದು, ಪ್ರತಿಯೊಂದು ಮಗುವಿಗೂ ಉತ್ತಮ ಶಿಕ್ಷಣ ದೊರಕಿಸುವುದು, ಪ್ರತಿಯೊಂದು ಮನೆಗೂ ಶುದ್ಧ ನೀರು ತಲುಪಿಸುವುದು, ಶಾಂತಿ ಮತ್ತು ನ್ಯಾಯವನ್ನು ಸ್ಥಾಪಿಸುವುದು, ಹೀಗೆ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಮತ್ತು ಅವುಗಳಡಿ 169 ಉಪಗುರಿಗಳು ಆ ಪ್ರತಿಜ್ಞೆಯಲ್ಲಿದ್ದವು. ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗುವುದಿಲ್ಲ ಎಂಬುದು ಅದರ ಮೂಲ ಘೋಷಣೆಯಾಗಿತ್ತು. ಗಡುವು ಮುಗಿಯಲು ಈಗ ಬೆರಳೆಣಿಕೆಯ ವರ್ಷಗಳಷ್ಟೇ ಉಳಿದಿವೆ. 2024ರಲ್ಲಿ ವಿಶ್ವಸಂಸ್ಥೆಯೇ ಹೊರಡಿಸಿದ ವರದಿಯ ಪ್ರಕಾರ, ಅಳೆಯಲು ಸಾಧ್ಯವಾದ ಉಪಗುರಿಗಳಲ್ಲಿ ಸರಿಯಾದ ಹಾದಿಯಲ್ಲಿರುವುದು ಕೇವಲ ಶೇ. 17ರಷ್ಟು. ಮೂರನೇ ಒಂದಕ್ಕಿಂತ ಹೆಚ್ಚಿನವು ನಿಂತಲ್ಲೇ ನಿಂತಿವೆ ಅಥವಾ ಹಿಂದಕ್ಕೆ ಜಾರಿವೆ.

ನ್ಯೂಯಾರ್ಕಿನ ಪ್ರತಿಜ್ಞೆಗೂ ನಮ್ಮ ಮನೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಅದನ್ನು ತಿಳಿಯಲು ಶಿವಮೊಗ್ಗ ನಗರದ ಗೋಪಾಳದಂತಹ ಬಡಾವಣೆಯಲ್ಲಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಆಟೋ ಚಾಲಕ, ತಾಯಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವಾಕೆ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಉತ್ತೀರ್ಣಳಾಗಿದ್ದಾಳೆ. ಆದರೆ ಜೂನ್ ತಿಂಗಳಲ್ಲಿ ಅವಳ ಹೆಸರು ಯಾವ ಪದವಿಪೂರ್ವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇಲ್ಲ. ಈ ಹುಡುಗಿ ಕಲಿಕೆಯಿಂದ ಹೊರಬಿದ್ದ ವಿಷಯ ಯಾರಿಗೆ ಗೊತ್ತು? ಅವಳು ಕಲಿತ ಶಾಲೆಯ ಲೆಕ್ಕದಲ್ಲಿ ಅವಳು ಉತ್ತೀರ್ಣ ವಿದ್ಯಾರ್ಥಿನಿ, ಅಂದರೆ ಒಂದು ಯಶಸ್ಸು. ಕಾಲೇಜಿನ ಲೆಕ್ಕಕ್ಕೆ ಅವಳು ಬರಲೇ ಇಲ್ಲ. ಗೋಪಾಳದ ಮಸೀದಿಯ ಲೆಕ್ಕಪುಸ್ತಕದಲ್ಲಿ ಅವಳ ತಂದೆಯ ತಿಂಗಳ ವಂತಿಗೆ ಇದೆ, ಮಗಳ ಶಿಕ್ಷಣದ ಮಾಹಿತಿ ಇಲ್ಲ. ವಿಶ್ವಸಂಸ್ಥೆಯ ನಾಲ್ಕನೆಯ ಗುರಿ ಶಿಕ್ಷಣ, ಐದನೆಯದು ಲಿಂಗ ಸಮಾನತೆ. ಎರಡೂ ಅವಳಿಗಾಗಿಯೇ ಬರೆಯಲಾದ ಗುರಿಗಳು. ಆದರೆ ಅವಳು ಅವೆರಡರ ಯಾವ ಕೋಷ್ಟಕದಲ್ಲೂ ಕಾಣಿಸುವುದಿಲ್ಲ.

ಗುರಿಗಳಿಗೇನೂ ಕೊರತೆಯಿಲ್ಲ ಎಂಬುದನ್ನು ನಾವು ಮೊದಲು ಗಮನಿಸಬೇಕು. ವಿಶ್ವಸಂಸ್ಥೆಯ ಗುರಿಗಳನ್ನು ದೇಶದ ಮಟ್ಟಕ್ಕೆ ಇಳಿಸಿ ಅಳೆಯುವ ಹೊಣೆಯನ್ನು ನಮ್ಮಲ್ಲಿ ನೀತಿ ಆಯೋಗ ವಹಿಸಿಕೊಂಡಿದೆ. 2018ರಲ್ಲಿ ಅದು ಹೊರತಂದ ಮೊದಲ ಸೂಚ್ಯಂಕದಲ್ಲಿ ದೇಶಕ್ಕೆ ನೂರಕ್ಕೆ 57 ಅಂಕ ದೊರೆತಿತ್ತು. 2023-24ರ ಸೂಚ್ಯಂಕದಲ್ಲಿ ಅದು 71ಕ್ಕೆ ಏರಿತು. ಗ್ರಾಮ ಪಂಚಾಯತ್‌ಗಳಿಗಾಗಿ ಇದೇ 17 ಗುರಿಗಳನ್ನು ಒಂಬತ್ತು ವಿಷಯಗಳಾಗಿ ಜೋಡಿಸಿ, ದೇಶದ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯತ್‌ಗಳ ಪ್ರಗತಿಯನ್ನು ಅಳೆದ ವರದಿಯೊಂದು 2025ರ ಎಪ್ರಿಲ್‌ನಲ್ಲಿ ಪ್ರಕಟವಾಯಿತು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ನಗರಗಳ ವಿಷಯಕ್ಕೆ ಬಂದರೆ, 2021ರಲ್ಲಿ ನೀತಿ ಆಯೋಗ ಹೊರತಂದ ನಗರ ಸೂಚ್ಯಂಕದಲ್ಲಿದ್ದುದು 56 ನಗರಗಳು ಮಾತ್ರ. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 44 ನಗರಗಳು ಮತ್ತು ಅದಕ್ಕಿಂತ ಚಿಕ್ಕದಾದ 12 ರಾಜಧಾನಿಗಳು. ಶಿವಮೊಗ್ಗ, ಭದ್ರಾವತಿಯಂತಹ ಊರುಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಹಳ್ಳಿಗೊಂದು ಅಳತೆಗೋಲು ಬಂದಿದೆ, ಮಹಾನಗರಕ್ಕೊಂದು ಬಂದಿದೆ. ಇವೆರಡರ ನಡುವಿನ ಪಟ್ಟಣ ಮತ್ತು ಅದರೊಳಗಿನ ಮೊಹಲ್ಲಾ ಬಿಟ್ಟುಹೋಗಿದೆ. ಕರ್ನಾಟಕದ ಮುಸ್ಲಿಮರ ದೊಡ್ಡ ಭಾಗ ಬದುಕುತ್ತಿರುವುದು ಇಂತಹ ಪಟ್ಟಣಗಳಲ್ಲೇ.

ಸರಾಸರಿ ಎಂಬುದು ಎಷ್ಟನ್ನು ಮರೆಮಾಚುತ್ತದೆ ಎಂಬುದಕ್ಕೆ ಬೇರೆಡೆ ಉದಾಹರಣೆ ಹುಡುಕಬೇಕಾಗಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿ ಒಂದೇ ಜಿಲ್ಲೆಯ ನೆರೆಯ ಊರುಗಳು. 2001ರಿಂದ 2011ರ ನಡುವೆ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು. ಅದೇ ಅವಧಿಯಲ್ಲಿ ಭದ್ರಾವತಿಯ ಜನಸಂಖ್ಯೆ ಸುಮಾರು 1.60 ಲಕ್ಷದಿಂದ 1.51 ಲಕ್ಷಕ್ಕೆ ಇಳಿಯಿತು. ಒಂದು ಊರು ಬೆಳೆಯುತ್ತಿದ್ದಾಗ ಇನ್ನೊಂದು ಊರಿನಿಂದ ಜನ ಕೆಲಸ ಹುಡುಕಿ ಹೊರಹೋಗುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಉಕ್ಕಿನ ಕಾರ್ಖಾನೆ ಮತ್ತು ಮೈಸೂರು ಕಾಗದ ಕಾರ್ಖಾನೆ ಭದ್ರಾವತಿಯ ಎರಡು ಕಣ್ಣುಗಳಾಗಿದ್ದವು. ಎಲ್ಲ ಧರ್ಮಗಳ ಸಾವಿರಾರು ಕುಟುಂಬಗಳು ಅವುಗಳ ಸಂಬಳದಿಂದಲೇ ಮನೆ ಕಟ್ಟಿದವು, ಮಕ್ಕಳನ್ನು ಓದಿಸಿದವು. ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಭಾಗದಲ್ಲಿ ಮಾತ್ರ ಕೆಲಸ ಮತ್ತೆ ಆರಂಭವಾಯಿತು. ವಿಪರ್ಯಾಸವೆಂದರೆ, ಮುಚ್ಚುವ ತೀರ್ಮಾನ ಬಂದ ಮರುತಿಂಗಳು, 2023ರ ಫೆಬ್ರವರಿ 27ರಂದು, ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಜಿಲ್ಲೆಯ ಸರಾಸರಿಯಲ್ಲಿ ವಿಮಾನ ನಿಲ್ದಾಣವೂ ಬೆರೆಯುತ್ತದೆ, ಮುಚ್ಚಿದ ಕಾರ್ಖಾನೆಯೂ ಬೆರೆಯುತ್ತದೆ. ಕೆಲಸ ಕಳೆದುಕೊಂಡ ಗುತ್ತಿಗೆ ಕಾರ್ಮಿಕನ ಮನೆ ಮಾತ್ರ ಅದರಲ್ಲಿ ಕಾಣಿಸುವುದಿಲ್ಲ.

ಅಂದಹಾಗೆ, ಅಂಕಿಗಳಲ್ಲಿ ಗುರಿ ಇಟ್ಟುಕೊಂಡು ಯೋಜನೆ ಮಾಡಬೇಕೆಂಬ ವಿಚಾರ ನಮಗೆ ನ್ಯೂಯಾರ್ಕಿನಿಂದ ಬಂದದ್ದಲ್ಲ. ಭದ್ರಾವತಿಯ ಕಾರ್ಖಾನೆಯನ್ನು ಮುನ್ನಡೆಸಿದ್ದ ವಿಶ್ವೇಶ್ವರಯ್ಯನವರೇ 1934ರಲ್ಲಿ ಭಾರತಕ್ಕೊಂದು ಯೋಜಿತ ಆರ್ಥಿಕತೆಯನ್ನು ಪ್ರತಿಪಾದಿಸುವ ಗ್ರಂಥ ಬರೆದು, ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಇಮ್ಮಡಿಗೊಳಿಸಬೇಕೆಂಬ ಗುರಿಯನ್ನು ಮುಂದಿಟ್ಟಿದ್ದರು. ಗುರಿ ಇಡುವುದನ್ನು ಈ ನೆಲ ಬಹಳ ಹಿಂದೆಯೇ ಕಲಿತಿದೆ. ಆ ಗುರಿ ಯಾರ ಮನೆಯ ಬಾಗಿಲವರೆಗೆ ಬಂತು, ಯಾರ ಮನೆಯನ್ನು ದಾಟಿ ಹೋಯಿತು ಎಂಬುದನ್ನು ಅಳೆಯುವುದನ್ನು ಇನ್ನೂ ಕಲಿಯಬೇಕಾಗಿದೆ.

ಸಮುದಾಯದ ವಿಷಯದಲ್ಲೂ ಸರಾಸರಿ ನಮ್ಮನ್ನು ದಾರಿ ತಪ್ಪಿಸಿದೆ. 2001ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 66.6 ಇದ್ದರೆ, ರಾಜ್ಯದ ಮುಸ್ಲಿಮರ ಸಾಕ್ಷರತೆ ಶೇ. 70.1 ಇತ್ತು. ಈ ಅಂಕಿಯನ್ನು ಹಿಡಿದು ನಮ್ಮಲ್ಲೇ ಹಲವರು ಸಮಾಧಾನಪಟ್ಟುಕೊಂಡರು. ಆದರೆ ಸಾಕ್ಷರತೆ ಎಂದರೆ ಓದು ಬರಹ ಬಲ್ಲರೇ ಎಂಬುದಷ್ಟೇ. ಎಷ್ಟು ಮಂದಿ ಪದವಿ ತಲುಪಿದರು ಎಂಬುದನ್ನು ಅದು ಹೇಳುವುದಿಲ್ಲ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಅಂಕಣವಿದೆ. ಆ ಅಂಕಣ ಇದ್ದುದರಿಂದಲೇ ಒಂದು ಆಘಾತಕಾರಿ ಸತ್ಯ ಬೆಳಕಿಗೆ ಬಂತು. 2019-20ಕ್ಕೆ ಹೋಲಿಸಿದರೆ 2020-21ರಲ್ಲಿ ದೇಶದ ಮುಸ್ಲಿಮ್ ವಿದ್ಯಾರ್ಥಿಗಳ ದಾಖಲಾತಿ ಶೇ. 8ರಷ್ಟು, ಅಂದರೆ ಸುಮಾರು 1.79 ಲಕ್ಷದಷ್ಟು ಕುಸಿದಿತ್ತು. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದವರಿಗೆ ದೇಶದ ಕಾಲೇಜು ಶಿಕ್ಷಣ ಮುಂದೆ ಸಾಗುತ್ತಿರುವಂತೆ ಕಂಡಿತ್ತು. ಮರುವರ್ಷ ಆ ಸಂಖ್ಯೆ ಚೇತರಿಸಿಕೊಂಡಿತು ಎಂಬುದೂ ಅದೇ ಅಂಕಣದಿಂದ ತಿಳಿಯಿತು. ಇಷ್ಟಾದರೂ 2022ರಲ್ಲಿ ಕೇಂದ್ರ ಸರಕಾರ ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನು ಕೈಬಿಟ್ಟಿತು, ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು.

ಇಲ್ಲಿ ವಿಶ್ವಸಂಸ್ಥೆಯ ಗುರಿಪಟ್ಟಿಯನ್ನೇ ಸ್ವಲ್ಪ ಎಚ್ಚರಿಕೆಯಿಂದ ಓದುವ ಅಗತ್ಯವಿದೆ. ಅಸಮಾನತೆಗೆ ಸಂಬಂಧಿಸಿದ ಹತ್ತನೆಯ ಗುರಿಯ ಎರಡನೇ ಉಪಗುರಿಯಲ್ಲಿ, ವಯಸ್ಸು, ಲಿಂಗ, ಅಂಗವೈಕಲ್ಯ, ಜನಾಂಗ, ಧರ್ಮ ಯಾವುದನ್ನೂ ಲೆಕ್ಕಿಸದೆ ಎಲ್ಲರನ್ನೂ ಸಾಮಾಜಿಕ, ಆರ್ಥಿಕ ಮತ್ತು ರಾಜಕೀಯ ಬದುಕಿನೊಳಗೆ ಸೇರಿಸಿಕೊಳ್ಳಬೇಕೆಂದಿದೆ. ಧರ್ಮ ಎಂಬ ಪದ ಅಲ್ಲಿ ಸ್ಪಷ್ಟವಾಗಿದೆ. ಆದರೆ ಅಂಕಿಅಂಶಗಳನ್ನು ಹೇಗೆ ವಿಂಗಡಿಸಬೇಕೆಂದು ಹೇಳುವ ಹದಿನೇಳನೆಯ ಗುರಿಯ ಹದಿನೆಂಟನೇ ಉಪಗುರಿಯಲ್ಲಿ ಆದಾಯ, ಲಿಂಗ, ವಯಸ್ಸು, ಜನಾಂಗ, ವಲಸೆ, ಅಂಗವೈಕಲ್ಯ, ಭೂಪ್ರದೇಶ ಇವೆಲ್ಲ ಇವೆ, ಧರ್ಮದ ಹೆಸರಿಲ್ಲ. ಆಯಾ ದೇಶಕ್ಕೆ ಪ್ರಸ್ತುತವಾದ ಇತರ ಲಕ್ಷಣಗಳು ಎಂಬ ಮಾತೊಂದಿದೆ, ಅಷ್ಟೆ. ಅಂದರೆ ಧರ್ಮದ ಕಾರಣಕ್ಕೆ ಯಾರೂ ಹಿಂದುಳಿಯಬಾರದೆಂಬ ಭರವಸೆ ಒಂದು ಪುಟದಲ್ಲಿದೆ. ಹಿಂದುಳಿದಿದ್ದಾರೆಯೇ ಎಂದು ಅಳೆಯುವ ಹೊಣೆಯನ್ನು ಇನ್ನೊಂದು ಪುಟ ಆಯಾ ಸರಕಾರದ ಇಚ್ಛೆಗೆ ಬಿಟ್ಟಿದೆ.

ಇದೇ ಕೊರತೆಯನ್ನು ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ಅದಕ್ಕೂ ಮೊದಲೇ ಗುರುತಿಸಿತ್ತು. 2006ರ ನವೆಂಬರ್ 30ರಂದು ಸಂಸತ್ತಿನಲ್ಲಿ ಮಂಡನೆಯಾದ ಆ ವರದಿಯ ಬಗ್ಗೆ ನಮ್ಮ ವೇದಿಕೆಗಳಲ್ಲಿ ನಡೆದ ಭಾಷಣಗಳಿಗೆ ಲೆಕ್ಕವಿಲ್ಲ. ಆದರೆ ಅದರ ಒಂದು ಮುಖ್ಯ ಶಿಫಾರಸ್ಸಿನ ಬಗ್ಗೆ ಮಾತ್ರ ನಾವು ಹೆಚ್ಚು ಮಾತನಾಡಲಿಲ್ಲ. ವಿವಿಧ ಸಾಮಾಜಿಕ, ಧಾರ್ಮಿಕ ಗುಂಪುಗಳ ಸ್ಥಿತಿಗತಿಯ ಮಾಹಿತಿಯನ್ನು ನಿರಂತರವಾಗಿ ಸಂಗ್ರಹಿಸುವ ರಾಷ್ಟ್ರೀಯ ದತ್ತಾಂಶ ಬ್ಯಾಂಕ್ ಬೇಕೆಂಬುದೇ ಆ ಶಿಫಾರಸ್ಸು. ಆ ಸಮಿತಿ ನಮ್ಮ ಸ್ಥಿತಿಯನ್ನು ಒಮ್ಮೆ ಅಳೆಯಿತು. ನಿರಂತರವಾಗಿ ಅಳೆಯಿರಿ ಎಂದೂ ಹೇಳಿತು. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತೆವು. ಈ ನಡುವೆ 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಅದರ ಆಧಾರ ದಿನಾಂಕವನ್ನು 2027ರ ಮಾರ್ಚ್ 1 ಎಂದು ಸರಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. 2015ರಲ್ಲಿ ಆರಂಭವಾದ ಗುರಿಗಳನ್ನು ನಮ್ಮ ಬಡಾವಣೆಗಳಲ್ಲಿ 2011ರ ಜನಗಣತಿಯ ಅಂಕಿಗಳಿಟ್ಟುಕೊಂಡು ಅಳೆಯುವ ಸ್ಥಿತಿಯನ್ನು ಏನೆಂದು ಕರೆಯೋಣ?

ಈ ವಿಷಯದಲ್ಲಿ ಆಫ್ರಿಕಾ ಖಂಡದಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಆಫ್ರಿಕನ್ ಒಕ್ಕೂಟದ ಕೇಂದ್ರ ಕಚೇರಿ ಇರುವುದು ಇಥಿಯೋಪಿಯಾದ ಆಡಿಸ್ ಅಬಾಬದಲ್ಲಿ. ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ನಜ್ಜಾಶಿ ದೊರೆ ಆಶ್ರಯ ನೀಡಿದ ಹಬಶ ಇದೇ ಪ್ರದೇಶ. 2015ರ ಜನವರಿಯಲ್ಲಿ, ಅಂದರೆ ವಿಶ್ವಸಂಸ್ಥೆಯ ಗುರಿಗಳಿಗಿಂತ ಎಂಟು ತಿಂಗಳ ಮೊದಲು, ಆಫ್ರಿಕನ್ ರಾಷ್ಟ್ರಗಳು ಅಲ್ಲಿ 'ಅಜೆಂಡಾ 2063' ಎಂಬ ತಮ್ಮದೇ ಯೋಜನೆಯನ್ನು ಅಂಗೀಕರಿಸಿದವು. 1963ರಲ್ಲಿ ಆಫ್ರಿಕನ್ ಏಕತಾ ಸಂಘಟನೆ ಹುಟ್ಟಿ ನೂರು ವರ್ಷ ತುಂಬುವ ಹೊತ್ತಿಗೆ ಖಂಡ ಹೇಗಿರಬೇಕು ಎಂಬುದಕ್ಕೆ ಏಳು ಆಶಯಗಳನ್ನೂ ಇಪ್ಪತ್ತು ಗುರಿಗಳನ್ನೂ ಅವು ಹಾಕಿಕೊಂಡವು. ಆದರೆ ಬಡ ರಾಷ್ಟ್ರಗಳಿಗೆ ಇದರಿಂದ ಹೊಸ ಕಷ್ಟ ಎದುರಾಯಿತು. ವಿಶ್ವಸಂಸ್ಥೆಗೊಂದು ಲೆಕ್ಕ, ಆಫ್ರಿಕನ್ ಒಕ್ಕೂಟಕ್ಕೊಂದು ಲೆಕ್ಕ, ತಮ್ಮ ದೇಶದ ಯೋಜನೆಗೆ ಇನ್ನೊಂದು ಲೆಕ್ಕ. ಮೂರನ್ನೂ ಬರೆಯುವಷ್ಟು ಗುಮಾಸ್ತರಾಗಲಿ ಹಣವಾಗಲಿ ಅವುಗಳ ಬಳಿ ಇರಲಿಲ್ಲ.

ಅವು ಏನು ಮಾಡಿದವು? ತಮ್ಮ ಗುರಿಗಳನ್ನು ಬಿಟ್ಟುಕೊಡಲಿಲ್ಲ, ಜಗತ್ತಿನ ಗುರಿಗಳನ್ನು ತಿರಸ್ಕರಿಸಲೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ನೋಡಿದವು. 2018ರ ಜನವರಿಯಲ್ಲಿ ಆಫ್ರಿಕನ್ ಒಕ್ಕೂಟ ಮತ್ತು ವಿಶ್ವಸಂಸ್ಥೆ ಎರಡೂ ಕಾರ್ಯಸೂಚಿಗಳನ್ನು ಒಟ್ಟಿಗೆ ಜಾರಿಗೊಳಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ದೇಶ ತನ್ನ ರಾಷ್ಟ್ರೀಯ ಯೋಜನೆಯನ್ನು ಈ ಎರಡರೊಂದಿಗೂ ಹೋಲಿಸಿ ನೋಡುವ ಸಾಧನವೊಂದನ್ನು ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗ ಸಿದ್ಧಪಡಿಸಿತು. ಎರಡೂ ಗುರಿಪಟ್ಟಿಗಳ ಪ್ರಗತಿಯನ್ನು ಒಟ್ಟಿಗೆ ಹೇಳುವ ವರದಿಗಳು ಬಂದವು. ಎಲ್ಲವೂ ಗೆದ್ದಿತೆಂದು ಇದರ ಅರ್ಥವಲ್ಲ. 2020ರೊಳಗೆ ಖಂಡದ ಬಂದೂಕುಗಳನ್ನು ಮೌನಗೊಳಿಸುತ್ತೇವೆ ಎಂಬ ಅವರ ಗುರಿ ಈಡೇರಲಿಲ್ಲ, ಗಡುವನ್ನು 2030ಕ್ಕೆ ಮುಂದೂಡಬೇಕಾಯಿತು. ಸುಡಾನ್‌ನಲ್ಲಿ 2023ರ ಎಪ್ರಿಲ್‌ನಲ್ಲಿ ಸಿಡಿದ ಯುದ್ಧ ಆ ಗುರಿಯನ್ನು ಅಣಕಿಸಿತು. ಆದರೆ ತಾವೇ ದಿನಾಂಕ ಬರೆದಿದ್ದರಿಂದ ಸೋಲನ್ನೂ ತಾವೇ ಒಪ್ಪಿಕೊಳ್ಳಬೇಕಾಯಿತು. ದಿನಾಂಕವೇ ಇಲ್ಲದ ಗುರಿಗೆ ಸೋಲೂ ಇಲ್ಲ, ಹೊಣೆಗಾರರೂ ಇಲ್ಲ.

ಶಾಂತಿಯ ಮಾತು ಬಂದಾಗ ಶಿವಮೊಗ್ಗವನ್ನು ನೆನೆಯದೆ ಇರಲಾಗದು. ವಿಶ್ವಸಂಸ್ಥೆಯ ಹದಿನಾರನೆಯ ಗುರಿ ಶಾಂತಿ ಮತ್ತು ನ್ಯಾಯ. 2022ರ ಫೆಬ್ರವರಿಯಲ್ಲಿ ಈ ನಗರದಲ್ಲಿ ಯುವಕನೊಬ್ಬನ ಹತ್ಯೆ ನಡೆಯಿತು, ಹಿಂಸಾಚಾರ ಅದನ್ನು ಹಿಂಬಾಲಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಭಾವಚಿತ್ರದ ಫಲಕವೊಂದರ ವಿವಾದ ಚೂರಿ ಇರಿತಕ್ಕೆ ತಿರುಗಿತು. 2023ರ ಅಕ್ಟೋಬರ್ 1ರಂದು ಮೀಲಾದ್ ಮೆರವಣಿಗೆಯ ವೇಳೆ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾಯಿತು. ಪ್ರತಿ ಬಾರಿಯೂ ನಿಷೇಧಾಜ್ಞೆ ಜಾರಿಯಾಯಿತು. ಕೊಲೆ ಯಾರದೇ ಆಗಿರಲಿ, ಕಲ್ಲು ಯಾರ ಕೈಯದೇ ಆಗಿರಲಿ, ಅದನ್ನು ನಾವು ಖಂಡಿಸುತ್ತೇವೆ. ನಾವು ಕೇಳುವ ಪ್ರಶ್ನೆ ಇನ್ನೊಂದು. ನಿಷೇಧಾಜ್ಞೆಯ ದಿನಗಳಲ್ಲಿ ತಳ್ಳುಗಾಡಿ ಹೊರಡಿಸಲಾಗದ ಹಿಂದೂ ವ್ಯಾಪಾರಿ, ಗ್ಯಾರೇಜು ತೆರೆಯಲಾಗದ ಮುಸ್ಲಿಮ್ ಮೆಕ್ಯಾನಿಕ್, ಪರೀಕ್ಷೆಯ ಹೊತ್ತಿಗೆ ಶಾಲೆ ತಪ್ಪಿಸಿಕೊಂಡ ಮಕ್ಕಳು, ಇವರೆಲ್ಲ ಕಳೆದುಕೊಂಡದ್ದನ್ನು ಯಾರು ಬರೆದಿಟ್ಟರು? ಅದು ಯಾವ ಸೂಚ್ಯಂಕದಲ್ಲಿ ಕಳೆಯಲ್ಪಟ್ಟಿತು?

ಇಷ್ಟು ಹೇಳಿದ ಮೇಲೆ ಸರಕಾರದತ್ತ ಬೆರಳು ತೋರಿಸಿ ಮುಗಿಸಿಬಿಡುವುದು ಸುಲಭ. ಆದರೆ ಪ್ರಾಮಾಣಿಕತೆ ನಮ್ಮನ್ನು ನಮ್ಮ ಮಸೀದಿಯ ಕಪಾಟಿನ ಮುಂದೆ ನಿಲ್ಲಿಸುತ್ತದೆ. ಪ್ರತಿಯೊಂದು ಜಮಾಅತ್‌ನಲ್ಲೂ ಲೆಕ್ಕಪುಸ್ತಕಗಳಿವೆ. ವಂತಿಗೆ ಎಷ್ಟು ಬಂತು, ಇಮಾಮರ ಸಂಬಳ ಎಷ್ಟು, ಮಿನಾರಕ್ಕೆ ಎಷ್ಟು ಖರ್ಚಾಯಿತು, ಎಷ್ಟು ನಿಕಾಹ್ ನಡೆದವು, ಎಷ್ಟು ಜನಾಝ ಹೊರಟವು, ಎಲ್ಲವೂ ದಾಖಲಾಗಿದೆ. ನಾವು ಹುಟ್ಟನ್ನೂ ಸಾವನ್ನೂ ಮದುವೆಯನ್ನೂ ಬರೆದಿಡುತ್ತೇವೆ. ಅವುಗಳ ನಡುವಿನ ಬದುಕನ್ನು ಬರೆದಿಡುವುದಿಲ್ಲ. ಮಸೀದಿಯ ನೆಲಕ್ಕೆ ಹಾಸಿದ ಅಮೃತಶಿಲೆಯ ಚದರಡಿ ನಮಗೆ ಗೊತ್ತಿದೆ. ಅದರ ಸುತ್ತಲಿನ ಇನ್ನೂರು ಮನೆಗಳಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು ಎಂದು ಕೇಳಿದರೆ ಆಡಳಿತ ಸಮಿತಿ ಮುಖ ಮುಖ ನೋಡಿಕೊಳ್ಳುತ್ತದೆ. ವರದಕ್ಷಿಣೆಗಾಗಿ, ಮದುವೆಯ ಆಡಂಬರಕ್ಕಾಗಿ ಮೈಕ್ರೋ ಫೈನಾನ್ಸ್ ಸಾಲಕ್ಕೆ ಬಿದ್ದ ತಾಯಂದಿರೆಷ್ಟು ಎಂದು ಕೇಳಿದರೆ ಇನ್ನೂ ಆಳವಾದ ಮೌನ. ಬಲವಂತದ ಸಾಲ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿ ನಿಷಿದ್ಧವೆಂದು ಸಾರುವ ಖುತ್ಬಾ ಪ್ರತಿ ವರ್ಷ ಕೇಳುತ್ತೇವೆ. ಆದರೆ ಖುತ್ಬಾ ಕೇಳುತ್ತಿರುವ ಸಾಲಿನಲ್ಲೇ ಎಷ್ಟು ಮನೆಗಳು ಬಡ್ಡಿಗೆ ಸಿಲುಕಿವೆ ಎಂಬುದು ಮಿಂಬರಿನ ಮೇಲಿದ್ದವರಿಗೂ ತಿಳಿದಿಲ್ಲ.

ಇಸ್ಲಾಮ್ ನಮಗೆ ಕಲಿಸಿದ್ದು ಇದನ್ನಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ಆರಾಧನೆಯ ವಿಧಿಯಲ್ಲ, ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆಜ್ಞೆ. ಪ್ರವಾದಿ ಯೂಸುಫ್(ಅ) ಆಫ್ರಿಕಾದ ಈಜಿಪ್ಟ್‌ನಲ್ಲಿ ಸಮೃದ್ಧಿಯ ಏಳು ವರ್ಷ ಮತ್ತು ಬರದ ಏಳು ವರ್ಷಗಳಿಗೆ ಯೋಜನೆ ರೂಪಿಸಿದ್ದನ್ನು ಕುರ್‌ಆನ್ ವಿವರಿಸುತ್ತದೆ. ಗುರಿ, ಅವಧಿ, ದಾಸ್ತಾನು, ಹಂಚಿಕೆ ಎಲ್ಲವೂ ಆ ಯೋಜನೆಯಲ್ಲಿದ್ದವು. ಎರಡನೇ ಖಲೀಫ ಉಮರ್(ರ) ಪ್ರಜೆಗಳ ಹೆಸರುಗಳನ್ನು ದಾಖಲಿಸಿ ವೇತನ ನೀಡುವ ದೀವಾನ್ ವ್ಯವಸ್ಥೆಯನ್ನು ಸ್ಥಾಪಿಸಿದರು. ಅದರ ಬಗ್ಗೆ ಚರಿತ್ರೆಕಾರರು ದಾಖಲಿಸಿದ ಘಟನೆಯೊಂದು ಮನನೀಯ. ಮೊದಲು ಮಗು ಹಾಲು ಬಿಟ್ಟ ನಂತರವೇ ಅದರ ಪಾಲು ಆರಂಭವಾಗುತ್ತಿತ್ತು. ಒಂದು ರಾತ್ರಿ ಸುತ್ತು ಹೊರಟಿದ್ದ ಉಮರ್‌ರಿಗೆ ಮಗುವೊಂದು ನಿಲ್ಲದೆ ಅಳುವುದು ಕೇಳಿಸಿತು. ವಿಚಾರಿಸಿದಾಗ, ಪಾಲು ಬೇಗ ಸಿಗಲಿ ಎಂದು ತಾಯಿ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದುದು ತಿಳಿಯಿತು. ತನ್ನ ನಿಯಮವೇ ಮಗುವನ್ನು ಅಳಿಸಿತೆಂದು ಅರಿತ ಖಲೀಫರು ಹುಟ್ಟಿದ ದಿನದಿಂದಲೇ ಪಾಲು ನಿಗದಿಪಡಿಸಿದರು. ಲೆಕ್ಕಪುಸ್ತಕವೂ ಬೇಕು, ಬೀದಿಯಲ್ಲಿ ನಡೆದು ಅಳು ಕೇಳುವ ಕಿವಿಯೂ ಬೇಕು ಎಂಬುದೇ ಈ ಘಟನೆಯ ಸಾರ. ಝಕಾತ್ ಕೂಡ ವರ್ಷಕ್ಕೊಮ್ಮೆ ಎಣಿಸಿ, ನಿಸಾಬ್ ಎಂಬ ಮಾನದಂಡಕ್ಕೆ ಹೋಲಿಸಿ ನೀಡುವ ಆರಾಧನೆಯಲ್ಲವೇ? ಕೊಡುವವನ ಸಂಪತ್ತನ್ನು ಎಣಿಸುವ ನಾವು ಪಡೆಯುವವನ ಸ್ಥಿತಿ ಕಳೆದ ವರ್ಷಕ್ಕಿಂತ ಸುಧಾರಿಸಿತೇ ಎಂದು ಏಕೆ ಎಣಿಸಬಾರದು?

ಆದ್ದರಿಂದ ನಮ್ಮ ಸಲಹೆ ಸರಳವಾದುದು. ಗೋಪಾಳವಿರಲಿ, ಭದ್ರಾವತಿಯ ಯಾವುದೇ ಮೊಹಲ್ಲಾವಿರಲಿ, ಪ್ರತಿಯೊಂದು ಜಮಾಅತ್ ತನ್ನ ಲೆಕ್ಕಪುಸ್ತಕಕ್ಕೆ ಒಂದು ಪುಟವನ್ನು ಸೇರಿಸಲಿ. ಅದರಲ್ಲಿ ಆರು ಪ್ರಶ್ನೆಗಳಿರಲಿ. ಆರರಿಂದ ಹದಿನೆಂಟು ವರ್ಷದ ಮಕ್ಕಳಲ್ಲಿ ಶಾಲೆ, ಕಾಲೇಜಿನ ಹೊರಗಿರುವವರೆಷ್ಟು, ಏಕೆ? ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಓದು ಮುಂದುವರಿಸಿದವರೆಷ್ಟು? ದುಡಿಯುವ ವಯಸ್ಸಿನ ಯುವಕ ಯುವತಿಯರಲ್ಲಿ ಕೆಲಸವಾಗಲಿ ಕಸುಬಾಗಲಿ ಇಲ್ಲದವರೆಷ್ಟು? ಬಡ್ಡಿ ಸಾಲದಲ್ಲಿರುವ ಮನೆಗಳೆಷ್ಟು? ಪಿಂಚಣಿಗೆ ಅರ್ಹರಾಗಿದ್ದೂ ಅದು ತಲುಪದ ವಿಧವೆಯರು, ವೃದ್ಧರು, ಅಂಗವಿಕಲರು ಎಷ್ಟು? ಗರ್ಭಿಣಿಯರು ಮತ್ತು ಐದು ವರ್ಷದೊಳಗಿನ ಮಕ್ಕಳಲ್ಲಿ ಅಂಗನವಾಡಿಯ ಸೇವೆ ಸಿಗದವರೆಷ್ಟು? ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಂತರ ಬಂದ ಐದನೇ ಸಮೀಕ್ಷೆಯಲ್ಲೂ, ಅಂದರೆ 2019-21ರಲ್ಲೂ, ರಾಜ್ಯದ ಐದರೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರಾಗಿದ್ದರು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ರಕ್ತಹೀನತೆಯಿಂದ ಬಳಲುತ್ತಿದ್ದರು. ಆ ಮಕ್ಕಳು, ಆ ತಾಯಂದಿರು ನಮ್ಮ ಬೀದಿಯಲ್ಲೂ ಇದ್ದಾರೆ. ಈ ಪ್ರಶ್ನೆಗಳೊಂದಿಗೆ ವಿದ್ಯಾವಂತ ಹೆಣ್ಣುಮಕ್ಕಳೇ ಮನೆ ಮನೆಗೆ ಹೋಗಲಿ. ತಾಯಂದಿರು ಸತ್ಯ ಹೇಳುವುದು ಅವರ ಮುಂದೆ. ಒಂದು ರಮಝಾನ್‌ನಿಂದ ಇನ್ನೊಂದು ರಮಝಾನ್‌ಗೆ ಈ ಸಂಖ್ಯೆಗಳು ಏರಿದವೇ ಇಳಿದವೇ ಎಂಬುದನ್ನು ಜುಮಾದ ದಿನ ಜಮಾಅತ್‌ಗೆ ಓದಿ ಹೇಳಲಿ. ಈ ಆರೂ ಪ್ರಶ್ನೆಗಳು ವಿಶ್ವಸಂಸ್ಥೆಯ ಗುರಿಗಳೊಂದಿಗೂ ಸರಕಾರದ ಯೋಜನೆಗಳೊಂದಿಗೂ ಹೊಂದುತ್ತವೆ. ಆಫ್ರಿಕನ್ ರಾಷ್ಟ್ರಗಳು ಮಾಡಿದ ಜೋಡಣೆ ಎಂದರೆ ಇದೇ. ಲೆಕ್ಕ ಒಂದೇ, ಅದು ಮೂವರಿಗೂ ಉಪಯುಕ್ತ.

ಪಟ್ಟಿ ಎಂಬ ಪದವೇ ನಮ್ಮವರಲ್ಲಿ ಭಯ ಹುಟ್ಟಿಸುತ್ತದೆ ಎಂಬುದನ್ನು ನಾವು ಬಲ್ಲೆವು. 2019ರ ಕೊನೆಯಲ್ಲಿ ಪೌರತ್ವದ ಚರ್ಚೆ ಎದ್ದ ಮೇಲೆ ದಾಖಲೆ ಕೇಳಿ ಬಂದ ಆಶಾ ಕಾರ್ಯಕರ್ತೆಯನ್ನೂ ಅನುಮಾನದಿಂದ ನೋಡುವ ಸ್ಥಿತಿ ಬಂದಿತ್ತು. ಈ ಭಯಕ್ಕೆ ಕಾರಣಗಳಿವೆ, ಅದನ್ನು ಗೇಲಿ ಮಾಡಲಾಗದು. ಆದ್ದರಿಂದಲೇ ಮೊಹಲ್ಲಾದ ಈ ಲೆಕ್ಕ ಅಮಾನತ್ ಆಗಿರಬೇಕು. ಮನೆಯ ಹೆಸರು ಹೊರಗೆ ಹೋಗಬಾರದು, ಒಟ್ಟು ಸಂಖ್ಯೆ ಮಾತ್ರ ಪ್ರಕಟವಾಗಬೇಕು. ಬಡವನ ಬಡತನವನ್ನು ಫಲಕದಲ್ಲಿ ಬರೆಯುವ ಹಕ್ಕು ಯಾವ ಸಮಿತಿಗೂ ಇಲ್ಲ. ಆದರೆ ಎಣಿಸದೆ ಉಳಿಯುವುದರಲ್ಲೂ ಅಪಾಯವಿದೆ ಎಂಬುದನ್ನು ಮರೆಯಬಾರದು. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಗೊಳಿಸಿದಾಗ, ಆ ತೀರ್ಮಾನದ ಬುನಾದಿಯೇ ಅಲುಗಾಡುವಂತಿದೆ ಎಂದು ಸುಪ್ರೀಮ್ ಕೋರ್ಟ್ ಮೇಲ್ನೋಟಕ್ಕೆ ಅಭಿಪ್ರಾಯಪಟ್ಟಿತು. ಆ ಆದೇಶ ಜಾರಿಯಾಗಲಿಲ್ಲ. ಹಕ್ಕನ್ನು ಕಸಿಯುವವರಿಗೂ ಅಂಕಿಅಂಶ ಬೇಕು, ಉಳಿಸಿಕೊಳ್ಳುವವರಿಗೂ ಬೇಕು. ನಮ್ಮ ಬಳಿ ಅದು ಇರಬೇಡವೇ?

ಇನ್ನೊಂದು ಮಾತು. ಈ ಎಣಿಕೆ ಮುಸ್ಲಿಮ್ ಮನೆಗಳ ಗೋಡೆಗೆ ನಿಲ್ಲಬಾರದು. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನ ಬಗ್ಗೆ ಪ್ರವಾದಿ(ಸ) ನೀಡಿದ ಎಚ್ಚರಿಕೆಯಲ್ಲಿ ನೆರೆಯವನ ಧರ್ಮ ಯಾವುದೆಂದು ಕೇಳಿಲ್ಲ. ಬೀದಿಯ ಚರಂಡಿ ಕಟ್ಟಿಕೊಂಡರೆ, ನಲ್ಲಿಯಲ್ಲಿ ನೀರು ಬಾರದಿದ್ದರೆ ಅದು ಎಲ್ಲರ ಸಮಸ್ಯೆ. ಪಕ್ಕದ ದಲಿತ ಕೇರಿಯ, ಹಿಂದುಳಿದ ವರ್ಗದ ಮನೆಗಳ ಮಗು ಶಾಲೆ ಬಿಟ್ಟಿದ್ದರೆ ಅದೂ ನಮ್ಮ ಪುಟದಲ್ಲಿರಲಿ, ಅವರ ಹಿರಿಯರನ್ನೂ ಜೊತೆಗೆ ಕರೆದುಕೊಳ್ಳೋಣ. ಒಂದೇ ಪಟ್ಟಿಯನ್ನು ಹಿಡಿದು ಎಲ್ಲ ಧರ್ಮದವರೂ ಪಾಲಿಕೆಯ ಮೆಟ್ಟಿಲು ಹತ್ತುವ ದಿನ, ಕಲ್ಲು ತೂರುವವರಿಗೆ ಕೆಲಸ ಕಡಿಮೆಯಾಗುತ್ತದೆ.

ಸರಕಾರಕ್ಕೂ ಸ್ಪಷ್ಟ ಹೊಣೆಯಿದೆ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ರಸ್ತೆಗಳು, ಪಾದಚಾರಿ ಮಾರ್ಗಗಳು, ತುಂಗಾ ನದಿಯ ದಂಡೆ ಹೊಸ ರೂಪ ಪಡೆದವು. 2025ರ ಮಾರ್ಚ್ 31ಕ್ಕೆ ಆ ಯೋಜನೆ ದೇಶದಾದ್ಯಂತ ಮುಕ್ತಾಯವಾಯಿತು. ಎಷ್ಟು ಕಾಮಗಾರಿ ಮುಗಿಯಿತು ಎಂಬುದಕ್ಕೆ ಲೆಕ್ಕವಿದೆ. ಅದರಿಂದ ಯಾವ ವಾರ್ಡಿನ ಎಷ್ಟು ಮಕ್ಕಳ, ಎಷ್ಟು ಮನೆಗಳ ಬದುಕು ಬದಲಾಯಿತು ಎಂಬುದಕ್ಕೂ ಲೆಕ್ಕ ಬೇಕು. ಪಂಚಾಯತ್‌ಗಳಿಗೆ ಬಂದಿರುವ ಅಳತೆಗೋಲು ಪಟ್ಟಣದ ವಾರ್ಡುಗಳಿಗೂ ಬರಲಿ. ಶಿಕ್ಷಣ, ಆರೋಗ್ಯ, ಉದ್ಯೋಗದ ಅಂಕಿಗಳು ಜಾತಿ, ಧರ್ಮ ಮತ್ತು ಲಿಂಗವಾರು ವಿಂಗಡಣೆಯೊಂದಿಗೆ ಪ್ರತಿ ವರ್ಷ ಪ್ರಕಟವಾಗಲಿ. ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ ಸಮೀಕ್ಷೆಯ ಫಲಿತಾಂಶ ಕಪಾಟಿನಲ್ಲಿ ಧೂಳು ತಿನ್ನದಿರಲಿ. ಬರಲಿರುವ ಜನಗಣತಿಯಲ್ಲಿ ನಮ್ಮ ಕುಟುಂಬಗಳು ಪ್ರತಿಯೊಂದು ಪ್ರಶ್ನೆಗೂ ನಿಜವಾದ, ಪೂರ್ಣವಾದ ಉತ್ತರ ನೀಡಲಿ.

2030 ಬರುತ್ತದೆ. ನ್ಯೂಯಾರ್ಕಿನಲ್ಲಿ ಮತ್ತೊಂದು ಸಭೆ ಸೇರುತ್ತದೆ, ಮತ್ತೊಂದು ಘೋಷಣೆ ಹೊರಡುತ್ತದೆ. ಆ ಹೊತ್ತಿಗೆ ನಾವು ಆರಂಭದಲ್ಲಿ ಕಲ್ಪಿಸಿಕೊಂಡ ಗೋಪಾಳದ ಹುಡುಗಿ ಎಲ್ಲಿರುತ್ತಾಳೆ? ಪದವಿ ಮುಗಿಸಿ ಶಿಕ್ಷಕಿಯೋ ನರ್ಸೋ ಆಗುವ ಹಾದಿಯಲ್ಲಿರುತ್ತಾಳೆಯೇ, ಅಥವಾ ತಾಯಿಯ ಹೊಲಿಗೆ ಯಂತ್ರದ ಮುಂದೆಯೇ ಕುಳಿತಿರುತ್ತಾಳೆಯೇ? ಅವಳನ್ನು ಎಣಿಸಲು ಸರಕಾರ ಮರೆತಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಅವಳ ಮನೆಯಿಂದ ನೂರು ಹೆಜ್ಜೆ ದೂರದ ಮಸೀದಿಯೂ ಅವಳನ್ನು ಎಣಿಸಲಿಲ್ಲವೆಂದಾದರೆ, ನಾಳೆ ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸುವ ದಿನ ನಾವು ಏನು ಉತ್ತರ ಕೊಡಲಿದ್ದೇವೆ? ಈ ಜುಮಾದ ನಮಾಝಿನ ನಂತರ ಪ್ರತಿಯೊಂದು ಜಮಾಅತ್‌ನ ಜವಾಬ್ದಾರರು ಹತ್ತು ನಿಮಿಷ ಕುಳಿತು ಈ ಪ್ರಶ್ನೆಯನ್ನು ಚರ್ಚಿಸಲಿ ಎಂಬುದು ನಮ್ಮ ವಿನಂತಿ.